ಬಾವುಟ ಹಿಡಿಯುವ ಮುನ್ನ ವಾರ್ಡ್ ಸುತ್ತು

ತಮ್ಮಾ,

ಪಕ್ಷದವರು ನಿನ್ನನ್ನು ಕರೆಸಿದ್ದಾರೆ, ವಾರ್ಡಿನ ಹುಡುಗರನ್ನೆಲ್ಲ ಒಟ್ಟು ಮಾಡುವ ಜವಾಬ್ದಾರಿ ನಿನಗೇ ಕೊಟ್ಟಿದ್ದಾರೆ ಎಂದು ನಿಮ್ಮಪ್ಪ ಬೀದರ್‌ನಿಂದ ಫೋನ್ ಮಾಡಿ ಹೇಳಿದ. ಅವನ ದನಿಯಲ್ಲಿ ಅರ್ಧ ಹೆಮ್ಮೆ, ಅರ್ಧ ಹೆದರಿಕೆ. ಯಾವ ಪಕ್ಷ ಅಂತ ನಾನು ಕೇಳಲಿಲ್ಲ. ಕೇಳಿದ್ದರೂ ಮುಂದೆ ಬರೆಯುವ ಮಾತುಗಳು ಇವೇ ಇರುತ್ತಿದ್ದವು. "ನೀ ಹೇಳಿದರ ಕೇಳ್ತಾನ, ಬ್ಯಾಡ ಅನ್ನು" ಎಂಬುದು ಅವನ ಆಸೆ. ನಾನು ಬೇಡ ಅನ್ನುವುದಿಲ್ಲ. ಮೂವತ್ತು ದಾಟುವವರೆಗೆ ರಾಜಕೀಯವನ್ನು ಬೈಯುತ್ತಾ ಕೂತು, ಆಮೇಲೆ ಓಣಿಯ ನಾಲಿ ತುಂಬಿದಾಗ ಯಾರ ಹತ್ತಿರ ಹೋಗಬೇಕು ಅಂತಲೂ ಗೊತ್ತಿಲ್ಲದ ಹುಡುಗರನ್ನು ಭಾಲ್ಕಿಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಅವರಿಗಿಂತ ನೀನು ವಾಸಿ. ಹೋಗು. ಆದರೆ ಹೋಗುವ ಮೊದಲು ಈ ಕಾಕಾ ಹೇಳುವುದನ್ನು ಒಂದಿಷ್ಟು ಕಿವಿಗೆ ಹಾಕಿಕೋ.

ವಾರ್ಡ್ ಚುನಾವಣೆ ಅಂದರೆ ಪಕ್ಷಗಳ ಲೆಕ್ಕದಲ್ಲಿ ವಿಧಾನಸಭೆ ಚುನಾವಣೆಯ ತಾಲೀಮು. ಯಾವ ಬೂತಿನಲ್ಲಿ ಎಷ್ಟು ಮನೆ ನಮ್ಮವು, ಯಾವ ಹುಡುಗ ಕೂಗುತ್ತಾನೆ, ಯಾರು ಚೀಟಿ ಹಂಚುತ್ತಾರೆ ಎಂದು ತೂಗಿ ನೋಡಲು ಅವರಿಗೆ ಇದೊಂದು ಒಳ್ಳೆಯ ಅವಕಾಶ. ಅದು ಅವರ ಕೆಲಸ, ಮಾಡಲಿ. ನೀನು ಮಾತ್ರ ಇದನ್ನು ತಾಲೀಮು ಎಂದುಕೊಳ್ಳಬೇಡ. ನಿಮ್ಮ ಓಣಿಯಲ್ಲಿ ಬದುಕುವವರಿಗೆ ಇದೇ ದೊಡ್ಡ ಚುನಾವಣೆ. ಬೆಂಗಳೂರಿನ ಸರ್ಕಾರ ಬದಲಾದದ್ದು ಅವರಿಗೆ ಟಿವಿಯಲ್ಲಿ ಗೊತ್ತಾಗುತ್ತದೆ. ಮೆಂಬರ್ ಬದಲಾದದ್ದು ಮನೆ ಮುಂದಿನ ಲೈಟಿನಲ್ಲಿ ಗೊತ್ತಾಗುತ್ತದೆ.

ಅಳತೆಯಿಂದಲೇ ಶುರು ಮಾಡೋಣ. 2011ರ ಜನಗಣತಿಯಲ್ಲಿ ಬೀದರ್ ನಗರದ ಜನಸಂಖ್ಯೆ ಎರಡು ಲಕ್ಷ ದಾಟಿತ್ತು. ನಗರಸಭೆಗೆ 35 ವಾರ್ಡು ಇದ್ದವು, ಅಂದರೆ ವಾರ್ಡಿಗೆ ಸರಾಸರಿ ಆರು ಸಾವಿರ ಜನ. ಭಾಲ್ಕಿಯಲ್ಲಿ ಆಗ ನಲವತ್ತು ಸಾವಿರ ಚಿಲ್ಲರೆ ಜನ, ಪುರಸಭೆಗೆ 27 ವಾರ್ಡು. ವಾರ್ಡಿಗೆ ಒಂದೂವರೆ ಸಾವಿರ ಬಂತು, ಮಕ್ಕಳೂ ಸೇರಿ. ನಮ್ಮೂರು ಔರಾದ್ ಇನ್ನೂ ಚಿಕ್ಕದು, ಇಪ್ಪತ್ತು ಸಾವಿರಕ್ಕೆ ಸ್ವಲ್ಪ ಕಡಿಮೆ ಜನರ ಪಟ್ಟಣ ಪಂಚಾಯಿತಿ. ಅಲ್ಲಿ ಒಂದು ವಾರ್ಡಿನ ಮನೆಗಳನ್ನೆಲ್ಲ ಕೆಲವೇ ಸಂಜೆಗಳಲ್ಲಿ ಸುತ್ತಿ ಬರಬಹುದು, ಚಹಾ ಕುಡಿಯುತ್ತಾ. ಇಷ್ಟು ಸಣ್ಣ ಕಣದಲ್ಲಿ ಡಿಜೆ, ತೆರೆದ ಜೀಪು, ಇಪ್ಪತ್ತು ಬೈಕಿನ ರ‍್ಯಾಲಿ ಯಾರಿಗಾಗಿ? ಮತದಾರರಿಗಾಗಿ ಆಗಿರಲಾರದು. ಮೇಲಿನ ನಾಯಕರಿಗೆ ವಿಡಿಯೊ ಕಳಿಸಲಿಕ್ಕೆ ಇರಬಹುದು.

ಆದ್ದರಿಂದ ಬಾವುಟ ಹಿಡಿಯುವ ಮುನ್ನ ನಾಲ್ಕು ಸಂಜೆ ಬರಿಗೈಯಲ್ಲಿ ವಾರ್ಡ್ ಸುತ್ತು. ಪಕ್ಷದ ಶಾಲು ಮನೆಯಲ್ಲೇ ಇರಲಿ, ಒಂದು ನೋಟ್‌ಬುಕ್ ಕೈಯಲ್ಲಿರಲಿ. "ನಳಕ್ಕ ನೀರ ಬಂದು ನಾಕ ದಿನ ಆಯ್ತು ನೋಡ್ರಿ" ಎಂದರೆ ಬರೆದುಕೋ. "ನಾಲಿ ತುಂಬಿ ಮನಿ ಮುಂದ ಹರಿಲಾಕತ್ಯಾದ" ಎಂದರೆ ಬರೆದುಕೋ. ಮನೆ ಎಲ್ಲಿದೆ, ಎಂದಿನಿಂದ ಈ ತೊಂದರೆ, ಯಾರಿಗೆ ಅರ್ಜಿ ಕೊಟ್ಟಿದ್ದಾರೆ, ಸ್ವೀಕೃತಿ ಚೀಟಿ ಇದೆಯೋ ಇಲ್ಲವೋ, ಅದನ್ನೂ ಬರೆ. ಪಕ್ಷದ ಪ್ರಣಾಳಿಕೆ ಜಿಲ್ಲಾ ಕಚೇರಿಯಿಂದ ಅಚ್ಚಾಗಿ ಬರುತ್ತದೆ. ವಾರ್ಡಿನ ಪ್ರಣಾಳಿಕೆ ಈ ನೋಟ್‌ಬುಕ್ಕಿನಿಂದ ಬರಬೇಕು.

ಹೀಗೆ ಸುತ್ತುವಾಗ ಒಂದು ಸಂಗತಿ ನಿನ್ನ ಗಮನಕ್ಕೆ ಬರುತ್ತದೆ. ಜನ ಮೆಂಬರ್‌ನಿಂದ ಕೇಳುವ ಅರ್ಧದಷ್ಟು ಕೆಲಸ ಮೆಂಬರ್‌ನದಲ್ಲ. ರೇಷನ್ ಕಾರ್ಡು ಆಹಾರ ಇಲಾಖೆಯದು. ವಿಧವಾ ವೇತನ, ವೃದ್ಧಾಪ್ಯ ವೇತನ ತಹಶೀಲ್ದಾರ್ ಕಚೇರಿಯದು. ಕರೆಂಟ್ ಹೋದರೆ ಜೆಸ್ಕಾಂ. ದೊಡ್ಡ ಪೈಪ್‌ಲೈನು, ಒಳಚರಂಡಿ ಅಂದರೆ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಮಧ್ಯೆ ಬರುತ್ತದೆ. ಪ್ರಚಾರದಲ್ಲಿ ಮಾತ್ರ ಎಲ್ಲಾ ಅಭ್ಯರ್ಥಿಗಳೂ "ಮಾಡಿಸಿಕೊಡ್ತೀವಿ" ಅನ್ನುತ್ತಾರೆ. ಹಾಗೆ ಸುಳ್ಳು ಹೇಳಿ ಗೆದ್ದವನು ಐದು ವರ್ಷ ಫೋನ್ ಎತ್ತುವುದಿಲ್ಲ. ನೀನು ಹಾಗೆ ಹೇಳಬೇಡ. "ಇದು ಇಂಥ ಕಚೇರಿಯ ಕೆಲಸ ಅಜ್ಜೀ, ಅರ್ಜಿ ನಾನು ಬರೆದುಕೊಡ್ತೀನಿ" ಅನ್ನು. ಅಲ್ಲಿ ಓಟು ಬರುತ್ತದೋ ಇಲ್ಲವೋ, ನಂಬಿಕೆ ಬರುತ್ತದೆ.

ಮೆಂಬರ್ ನಿಜಕ್ಕೂ ಹಿಡಿದು ಕೇಳಬಹುದಾದವು ಬೇರೆ ಇವೆ: ಕಸ, ಬೀದಿದೀಪ, ಸಣ್ಣ ಚರಂಡಿ, ಓಣಿಯ ರಸ್ತೆ, ಖಾತಾ, ಆಸ್ತಿ ತೆರಿಗೆ, ಅಂಗಡಿ ಪರವಾನಗಿ, ಕಟ್ಟಡ ಪರವಾನಗಿ, ಜನನ ಮರಣ ಪತ್ರ. ಕೇಳಲಿಕ್ಕೆ ಸಪ್ಪೆ. ಆದರೆ ಊರು ನಿಂತಿರುವುದು ಇವುಗಳ ಮೇಲೆ. ನೌಬಾದ್‌ನ ಕರೇಜ್ ನೆನಪಿದೆಯಲ್ಲ? ಚಿಕ್ಕವನಿದ್ದಾಗ ನಿನ್ನನ್ನು ಕರೆದುಕೊಂಡು ಹೋಗಿ ತೋರಿಸಿದ್ದೆ. ಬಹಮನಿ ಸುಲ್ತಾನರ ಕಾಲದಲ್ಲಿ, ಹದಿನೈದನೇ ಶತಮಾನದಲ್ಲಿ, ಜಂಬಿಟ್ಟಿಗೆಯ ಬಂಡೆ ಕೊರೆದು ನೆಲದೊಳಗೆ ಸುರಂಗ ಮಾಡಿ, ಉದ್ದಕ್ಕೂ ಬಾವಿ ತೋಡಿ ನೀರು ಹರಿಸಿದ ವ್ಯವಸ್ಥೆ ಅದು. ನಮ್ಮ ಕಾಲದಲ್ಲಿ ಅದರ ಬಾವಿಗಳಲ್ಲಿ ಕೆಲವು ಮುಚ್ಚಿಹೋದವು, ಒಳಗೆ ಹೂಳು ತುಂಬಿತು. ಹತ್ತು ವರ್ಷದ ಹಿಂದೆ ಹೂಳೆತ್ತಿಸುವ ಕೆಲಸ ನಡೆದಾಗಲೇ ಬಹಳ ಬೀದರ್‌ನವರಿಗೆ ಅದು ಏನೆಂದು ಗೊತ್ತಾದದ್ದು. ಐನೂರು ವರ್ಷದ ಹಿಂದಿನವರು ನೆಲದ ಕೆಳಗಿನ ನೀರಿನ ಲೆಕ್ಕ ಇಟ್ಟಿದ್ದರು. ನೆಲದ ಮೇಲೆ ಎಲ್ಲಿ ಮನೆ ಕಟ್ಟಬಹುದು, ಎಲ್ಲಿ ಕಟ್ಟಬಾರದು ಎಂಬ ಲೆಕ್ಕ ಇಡಬೇಕಾದದ್ದು ಈಗಿನ ಸ್ಥಳೀಯ ಸಂಸ್ಥೆ. ಕಟ್ಟಡ ಪರವಾನಗಿ ಅಂದರೆ ಬರೀ ಒಂದು ಕಾಗದ ಎಂದುಕೊಂಡವನಿಗೆ ಇದು ಅರ್ಥವಾಗುವುದಿಲ್ಲ.

ಇನ್ನು ದುಡ್ಡು. ಯಾರೂ ನಿನಗೆ ಹೇಳದ ಒಂದು ವಿಷಯ ಹೇಳುತ್ತೇನೆ. ನಗರ ಸ್ಥಳೀಯ ಸಂಸ್ಥೆಗಳು ತಮ್ಮ ಹಣದಲ್ಲಿ ಶೇ 24.10ರಷ್ಟನ್ನು ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 7.25ರಷ್ಟನ್ನು ಇತರ ಬಡವರಿಗೆ, ಶೇ 5ರಷ್ಟನ್ನು ಅಂಗವಿಕಲರಿಗೆ ಮೀಸಲಿಡಬೇಕು. ಓದುವ ಮಕ್ಕಳಿಗೆ ಸಹಾಯಧನ, ಲ್ಯಾಪ್‌ಟಾಪ್, ಹೊಲಿಗೆ ಯಂತ್ರ, ತ್ರಿಚಕ್ರ ವಾಹನ, ಇಂಥವೆಲ್ಲ ಬರುವುದು ಈ ಬಾಬತ್ತಿನಿಂದ. ಅರ್ಜಿ ಕರೆದ ಪ್ರಕಟಣೆ ಪತ್ರಿಕೆಯ ಮೂಲೆಯಲ್ಲಿ ಬರುತ್ತದೆ, ಕಚೇರಿಯ ಬೋರ್ಡಿಗೆ ಅಂಟುತ್ತದೆ, ಕೊನೆಯ ದಿನ ಮುಗಿಯುತ್ತದೆ. ಯಾರಿಗೆ ಮೊದಲೇ ಗೊತ್ತಿತ್ತೋ ಅವರ ಮಕ್ಕಳಿಗೆ ಸಿಗುತ್ತದೆ. ನಾನು ಮೇಷ್ಟ್ರಾಗಿದ್ದಾಗ ಎಷ್ಟೋ ಹುಡುಗರಿಗೆ ಇದರ ಸುದ್ದಿ ಸಿಕ್ಕದ್ದು ದಿನ ಮೀರಿದ ಮೇಲೆ. ನಿಮ್ಮ ವಾರ್ಡಿನಲ್ಲಿ ಪಿಯುಸಿ, ಡಿಗ್ರಿ ಓದುವ ಮಕ್ಕಳೆಷ್ಟು, ಅರ್ಹರು ಯಾರು ಎಂಬ ಪಟ್ಟಿ ನಿನ್ನ ನೋಟ್‌ಬುಕ್ಕಿನಲ್ಲಿದ್ದರೆ, ಪ್ರಕಟಣೆ ಬಂದ ದಿನ ಹತ್ತು ಅರ್ಜಿ ತುಂಬಿಸಬಹುದು. ಇದಕ್ಕೆ ನೀನು ಮೆಂಬರ್ ಆಗಬೇಕಾಗಿಯೂ ಇಲ್ಲ, ನಿನ್ನ ಪಕ್ಷ ಗೆಲ್ಲಬೇಕಾಗಿಯೂ ಇಲ್ಲ.

2021ರ ಏಪ್ರಿಲ್ ನಿನಗೆ ಚೆನ್ನಾಗಿ ನೆನಪಿರಬೇಕು. ನೀನಾಗ ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದೆ. ಶಾಸಕ ಬಿ. ನಾರಾಯಣರಾವ್ ಕೋವಿಡ್‌ನಿಂದ ತೀರಿಕೊಂಡದ್ದರಿಂದ ಬಸವಕಲ್ಯಾಣಕ್ಕೆ ಉಪಚುನಾವಣೆ ಬಂತು. ಏಪ್ರಿಲ್ 17ರಂದು ಮತದಾನ. ಹತ್ತು ದಿನಕ್ಕೆ, ಏಪ್ರಿಲ್ 27ರಂದು, ಬೀದರ್ ನಗರಸಭೆಗೆ ಮತದಾನ. ಅದೇ ರಾತ್ರಿ ಒಂಬತ್ತಕ್ಕೆ ರಾಜ್ಯದಲ್ಲಿ ಹದಿನಾಲ್ಕು ದಿನದ ಕೊರೊನಾ ಕರ್ಫ್ಯೂ ಶುರುವಾಯಿತು. ಹಗಲು ಓಟು, ರಾತ್ರಿ ಬಾಗಿಲು ಬಂದ್. ಎರಡನೇ ಅಲೆ ಏರುತ್ತಿದ್ದಾಗ ಒಂದೇ ಜಿಲ್ಲೆಯಲ್ಲಿ ಎರಡು ಪ್ರಚಾರ. ಒಂದು ರೋಗ ಓಣಿ ಓಣಿ ಹೊಗುತ್ತಿದ್ದಾಗ ನಾವು ಗುಂಪು ಕಟ್ಟಿಕೊಂಡು ಮನೆ ಮನೆ ಹೊಕ್ಕೆವು. ಯಾವ ಪಕ್ಷವೂ ಇದರಿಂದ ಹೊರತಾಗಿರಲಿಲ್ಲ, ಆದ್ದರಿಂದ ಯಾವುದೋ ಒಂದನ್ನು ಬೈದು ಪ್ರಯೋಜನವಿಲ್ಲ.

ನನ್ನ ಮನಸ್ಸಿನಲ್ಲಿ ಉಳಿದದ್ದು ಆಮೇಲಿನ ವಾರಗಳು. ಏಪ್ರಿಲ್ 30ರಂದು ಎಣಿಕೆ ಮುಗಿಯಿತು. ಗೆದ್ದವರಿಗೆ ಮೆರವಣಿಗೆ ಇಲ್ಲ, ಹಾರ ಇಲ್ಲ, ಅಧಿಕಾರವೂ ಇನ್ನೂ ಕೈಗೆ ಬಂದಿಲ್ಲ. ಊರಲ್ಲಿ ಮಾತ್ರ ಕೆಲಸವೇ ಕೆಲಸ. ಆಸ್ಪತ್ರೆಯಲ್ಲಿ ಹಾಸಿಗೆ ಹುಡುಕುವುದು, ಮನೆಯಲ್ಲಿ ಮುಚ್ಚಿಕೊಂಡವರಿಗೆ ದಿನಸಿ, ಮಾತ್ರೆ ಮುಟ್ಟಿಸುವುದು, ಸತ್ತವರನ್ನು ಮಣ್ಣು ಮಾಡಲು ನಾಲ್ಕು ಜನ ಹೊಂದಿಸುವುದು. ದಿನವೂ ಬೆಳಗ್ಗೆ ಕಸ ಎತ್ತಲು ಬಂದವರು ಪೌರಕಾರ್ಮಿಕರು, ಗೆದ್ದವರೂ ಅಲ್ಲ ಸೋತವರೂ ಅಲ್ಲ. ಆ ವಾರಗಳಲ್ಲಿ ಕಣ್ಣಿಗೆ ಬಿದ್ದವರು ಯಾರು, ಬಾಗಿಲು ಹಾಕಿಕೊಂಡವರು ಯಾರು ಎಂದು ನಿಮ್ಮ ವಾರ್ಡಿನ ಹೆಂಗಸರನ್ನು ಕೇಳು, ಈಗಲೂ ಹೆಸರು ಹಿಡಿದು ಹೇಳುತ್ತಾರೆ. ಅಭ್ಯರ್ಥಿಯನ್ನು ಅಳೆಯಲು ಅವರಿಗಿಂತ ಒಳ್ಳೆಯ ಸಮೀಕ್ಷೆ ಇನ್ನೊಂದಿಲ್ಲ.

ಗೆದ್ದ ಮೇಲೂ ಅಧಿಕಾರ ಸಿಗುವುದಿಲ್ಲ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಕ್ಷದವರು ಹೇಳುವುದಿಲ್ಲ. 2018, 2019ರಲ್ಲಿ ರಾಜ್ಯದ ಪುರಸಭೆ, ಪಟ್ಟಣ ಪಂಚಾಯಿತಿಗಳಿಗೆ ಆರಿಸಿ ಬಂದವರು ಅಧ್ಯಕ್ಷ, ಉಪಾಧ್ಯಕ್ಷರ ಮೀಸಲಾತಿ ಕೋರ್ಟಿಗೆ ಹೋದದ್ದರಿಂದ 2020ರ ಕೊನೆಯವರೆಗೆ ಕುರ್ಚಿ ಕಾಣಲಿಲ್ಲ. ಮೊದಲ ಅವಧಿ 2023ರಲ್ಲಿ ಮುಗಿದ ಮೇಲೆ ಎರಡನೇ ಅವಧಿಯ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟ್‌ನಲ್ಲಿ. ನಡುವೆ ವರ್ಷಕ್ಕೂ ಮೀರಿ ಆಡಳಿತಾಧಿಕಾರಿಗಳದೇ ಕಾರುಬಾರು. ಬೆಂಗಳೂರಿನಂಥ ಬೆಂಗಳೂರಿಗೇ 2020ರ ಸೆಪ್ಟೆಂಬರ್‌ನಲ್ಲಿ ಕೌನ್ಸಿಲ್ ಅವಧಿ ಮುಗಿದು ಐದು ವರ್ಷ ಕಳೆದರೂ ಚುನಾವಣೆ ಆಗಲಿಲ್ಲ. 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿ ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕು ಎನ್ನುತ್ತದೆ. ಸಂವಿಧಾನ ಹೇಳುತ್ತದೆ, ನಾವು ಮುಂದಕ್ಕೆ ಹಾಕುತ್ತೇವೆ. ವಿಧಾನಸಭೆ ಚುನಾವಣೆ ಹೀಗೆ ವರ್ಷಗಟ್ಟಲೆ ತಡವಾಗಿದ್ದರೆ ಊರೂರು ಬಂದ್ ಆಗುತ್ತಿತ್ತು. ವಾರ್ಡ್ ಚುನಾವಣೆ ತಡವಾದರೆ ಯಾರೂ ಬೀದಿಗಿಳಿಯುವುದಿಲ್ಲ, ಎಲ್ಲರೂ ಅದನ್ನು ತಾಲೀಮು ಎಂದುಕೊಂಡಿರುವುದರಿಂದ.

ಇನ್ನೊಂದು ಒಳಗುಟ್ಟು. ಪುರಸಭೆಯಲ್ಲಿ ಶಾಸಕರಿಗೂ ಸಂಸದರಿಗೂ ಮತ ಹಾಕುವ ಹಕ್ಕಿದೆ. ಭಾಲ್ಕಿಯಂಥ 27 ಜನರ ಸಭೆಯಲ್ಲಿ ಒಂದೆರಡು ಮತವೇ ಅಧ್ಯಕ್ಷರನ್ನು ತೀರ್ಮಾನಿಸಬಹುದು. ಆದ್ದರಿಂದಲೇ ಟಿಕೆಟ್ ಹಂಚುವಾಗ "ಈತ ವಾರ್ಡಿಗೆ ಒಳ್ಳೆಯವನೋ" ಎಂಬುದಕ್ಕಿಂತ "ಈತ ಯಾರ ಮನುಷ್ಯ" ಎಂಬುದು ಮೊದಲ ಪ್ರಶ್ನೆಯಾಗುತ್ತದೆ. ಗೆದ್ದವರನ್ನು ಅಧ್ಯಕ್ಷರ ಆಯ್ಕೆಯವರೆಗೆ ಪ್ರವಾಸಕ್ಕೆ ಒಯ್ದು ಬಚ್ಚಿಡುವ ಪದ್ಧತಿ ಹುಟ್ಟಿದ್ದೂ ಹೀಗೆಯೇ. ಸ್ಥಳೀಯ ಸಂಸ್ಥೆಗಳಿಗೂ ಪಕ್ಷಾಂತರ ನಿಷೇಧ ಕಾಯ್ದೆ 1987ರಿಂದಲೇ ಇದೆ, ಆದರೂ. ನಿನ್ನ ಅಭ್ಯರ್ಥಿಯನ್ನು ಒಂದು ಮಾತು ಕೇಳಿ ನೋಡು: "ನಮ್ಮ ವಾರ್ಡಿಗೂ ನಾಯಕರಿಗೂ ಜಗಳ ಬಿದ್ದರೆ ನೀವು ಯಾರ ಕಡೆ?" ಉತ್ತರಕ್ಕಿಂತ ಅವರು ಎಷ್ಟು ಹೊತ್ತು ತಡೆದು ಉತ್ತರಿಸುತ್ತಾರೆ ಎಂಬುದನ್ನು ಗಮನಿಸು.

ಮೆಂಬರ್‌ಗಿರಿ ಮೆಟ್ಟಿಲು ತಾನೇ, ಅಲ್ಲಿಂದಲೇ ದೊಡ್ಡವರಾಗುವುದು ಎಂದು ನೀನು ಕೇಳಬಹುದು. ಸುಳ್ಳಲ್ಲ. ಭೀಮಣ್ಣ ಖಂಡ್ರೆಯವರು 1953ರಲ್ಲಿ ಭಾಲ್ಕಿ ಪುರಸಭೆಯ ಅಧ್ಯಕ್ಷರಾದರು, 1962ರಲ್ಲಿ ವಿಧಾನಸಭೆಗೆ ಹೋದರು. ಅದಕ್ಕೂ ಮೊದಲು ಹೈದರಾಬಾದ್ ವಿಮೋಚನೆಯ ಹೋರಾಟ ಅವರ ಬೆನ್ನಿಗಿತ್ತು ಎಂಬುದನ್ನು ಮರೆಯಬೇಡ. ಅದೇ ಮನೆತನದ ಸಾಗರ್ ಖಂಡ್ರೆ 2024ರಲ್ಲಿ 26ನೇ ವಯಸ್ಸಿಗೇ ಬೀದರ್‌ನ ಸಂಸದರಾದರು. ಅಂಥ ಮನೆತನದಲ್ಲಿ ನೀನು ಹುಟ್ಟಿಲ್ಲ, ಅದೇನು ಕೊರತೆಯೂ ಅಲ್ಲ. ಕಾನೂನಿನ ಪ್ರಕಾರ 21 ತುಂಬಿದವರು ವಾರ್ಡಿಗೆ ನಿಲ್ಲಬಹುದು, ವಿಧಾನಸಭೆಗೆ 25 ಆಗಬೇಕು. ನಿನಗೀಗ ಬಾಗಿಲು ತೆರೆದೇ ಇದೆ. ಆದರೆ ವಾರ್ಡನ್ನು ಬರೀ ಮೆಟ್ಟಿಲು ಮಾಡಿಕೊಂಡವನ ಕಣ್ಣು ಸದಾ ಮೇಲೆಯೇ ಇರುತ್ತದೆ, ಕಾಲ ಕೆಳಗಿನ ನಾಲಿ ಅವನಿಗೆ ಕಾಣುವುದಿಲ್ಲ.

ನಿನ್ನ ತಂಗಿಯ ವಿಷಯ. ವಾರ್ಡ್ ಮಹಿಳಾ ಮೀಸಲಾದರೆ ಅವಳನ್ನೇ ನಿಲ್ಲಿಸೋಣ, "ಮುಂದಿನದೆಲ್ಲ ನಾವು ನೋಡಿಕೊಳ್ತೀವಿ" ಎಂದು ಯಾರೋ ನಿಮ್ಮಪ್ಪನ ಕಿವಿಯಲ್ಲಿ ಹಾಕಿದ್ದಾರಂತೆ. ನಮ್ಮ ರಾಜ್ಯದ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ಆ ಅರ್ಧದಲ್ಲಿ ಎಷ್ಟೋ ಕಡೆ ಸಭೆಗೆ ಹೋಗುವವಳು ಹೆಂಡತಿ, ಫೋನ್ ಎತ್ತುವವನು ಗಂಡ, ಗುತ್ತೇದಾರನ ಜತೆ ಕೂರುವವನು ಮೈದುನ. ಅವಳು ಬಿ.ಕಾಂ ಮುಗಿಸಿದವಳು, ನಿನಗಿಂತ ಚೆನ್ನಾಗಿ ಲೆಕ್ಕ ಓದಬಲ್ಲಳು. ಮುನ್ಸಿಪಾಲಿಟಿಗೆ ಬೇಕಾದದ್ದೇ ಅದು, ಬಜೆಟ್ ಪುಸ್ತಕ ಓದಬಲ್ಲವರು. ಅವಳಿಗೆ ಮನಸ್ಸಿದ್ದರೆ ನಿಲ್ಲಲಿ. ನಿಂತರೆ ಮನೆಯ ಬೋರ್ಡಿನ ಮೇಲೆ ಅವಳ ಹೆಸರು, ಫೋನ್ ಅವಳ ಕೈಯಲ್ಲಿ, ಸಭೆಯಲ್ಲಿ ಮಾತು ಅವಳದು. ಇದಕ್ಕೆ ನೀನು ಮತ್ತು ನಿಮ್ಮಪ್ಪ ಒಪ್ಪದಿದ್ದರೆ ಅವಳ ಹೆಸರೆತ್ತಬೇಡಿ. ಈ ವಿಷಯದಲ್ಲಿ ನಾನು ಯಾರ ಮುಲಾಜೂ ನೋಡುವುದಿಲ್ಲ.

ಪ್ರಚಾರದ ಮಾತಿಗೆ ಬಂದರೆ, ನಿಜಾಮರ ಕಾಲದಲ್ಲಿ ಭಾಲ್ಕಿಯಲ್ಲಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು ಎಂದು ನಿನಗೆ ಎಷ್ಟು ಸಲ ಹೇಳಿದ್ದೇನೋ. ಆ ಬೋರ್ಡಿನ ಹಿಂದೆ ಒಂದು ಭಾಷೆ ಉಳಿಯಿತು. ಈಗಿನ ಪ್ರಚಾರದಲ್ಲೂ ಎರಡು ಬೋರ್ಡು ಇರುತ್ತವೆ: ಹೊರಗೆ ಅಭಿವೃದ್ಧಿ, ಒಳಗೆ ಜಾತಿ ಲೆಕ್ಕ. ಹಿಂದಿನ ಕೋಣೆಯಲ್ಲಿ ಮತದಾರರ ಪಟ್ಟಿ ಹರಡಿ ಹೆಸರು ನೋಡಿ ಗುರುತು ಹಾಕುತ್ತಾರೆ, ಇವರು ನಮ್ಮವರು, ಇವರು ಅವರವರು, ಈ ಗಲ್ಲಿಗೆ ಹೋಗುವುದೇ ಬೇಡ. ಆ ಕೋಣೆಯಿಂದ ಎದ್ದು ಬಾ. ಬೀದರ್‌ನ ಒಂದೇ ಗಲ್ಲಿಯಲ್ಲಿ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ಕೇಳಿಸುತ್ತವೆ. ಔರಾದ್ ಕಡೆ ಹೋದರೆ ಅರ್ಧ ಸಂಸಾರ ಉದ್ಗೀರ್‌ನಲ್ಲಿ, ಅರ್ಧ ಹೈದರಾಬಾದ್‌ನಲ್ಲಿ. ಅವರವರ ಮಾತಿನಲ್ಲೇ ಮಾತಾಡಿಸು, ಕಾಕಾ, ಮಾಮಾ, ಭಾಬೀ, ಮಾವಶಿ, ಯಾವುದೂ ನಿನ್ನ ಬಾಯಿಗೆ ಹೊಸದಲ್ಲ. ಕೆಟ್ಟ ನಾಲಿ ಜಾತಿ ಕೇಳಿ ಹರಿಯುವುದಿಲ್ಲ.

ದುಡ್ಡು ಕೈಗೆ ಬಂದರೆ ಮಾತ್ರ ಹುಷಾರು. ಅಭ್ಯರ್ಥಿಯ ವೆಚ್ಚಕ್ಕೆ ರಾಜ್ಯ ಚುನಾವಣಾ ಆಯೋಗ ಮಿತಿ ಹಾಕಿದೆ, ಲೆಕ್ಕ ಕೊಡದವರು ಅನರ್ಹರಾಗಬಹುದು. ಆ ಮಿತಿ ಎಷ್ಟು ಕಡೆ ಪಾಲನೆಯಾಗುತ್ತದೆ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಮತದಾನದ ಹಿಂದಿನ ರಾತ್ರಿ ಹಂಚಲಿಕ್ಕೆ ಕೊಡುವ ಚೀಲವನ್ನು ಯಾರು ಹೊರುತ್ತಾರೆ? ನಾಯಕರ ಮಗ ಹೊರುವುದಿಲ್ಲ. ನಿನ್ನಂಥ ಹುಡುಗನೇ ಹೊರುತ್ತಾನೆ. ಸಿಕ್ಕಿಬಿದ್ದರೆ ಎಫ್‌ಐಆರ್‌ನಲ್ಲಿ ಹೆಸರು ನಿನ್ನದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಚುನಾವಣೆಯ ಬಡಿದಾಟದಲ್ಲಿ ಕೇಸು ಹಾಕಿಸಿಕೊಂಡ. ಅವನು ಯಾರಿಗಾಗಿ ಬಡಿದಾಡಿದನೋ ಆ ನಾಯಕ ಮುಂದಿನ ಚುನಾವಣೆಗೆ ಎದುರು ಪಕ್ಷ ಸೇರಿ, ಈ ಹುಡುಗ ಯಾರನ್ನು ಬಡಿದಿದ್ದನೋ ಅವರ ಪಕ್ಕದಲ್ಲೇ ಕೂತ. ಹುಡುಗ ಮಾತ್ರ ಇನ್ನೂ ತಾರೀಖಿಗೆ ಹೋಗುತ್ತಿದ್ದಾನೆ. ಪೊಲೀಸ್ ಕೆಲಸಕ್ಕೆ ಓದುತ್ತಿದ್ದವನು, ಅದನ್ನು ಬಿಟ್ಟ. ವಾಟ್ಸ್‌ಆ್ಯಪ್‌ನಲ್ಲಿ ಇನ್ನೊಬ್ಬರ ಧರ್ಮದ ಮೇಲೆ ಬಂದ ಸುದ್ದಿಯನ್ನು ಮುಂದೆ ತಳ್ಳುವ ಮುನ್ನವೂ ಅವನನ್ನು ನೆನೆ.

ಊಟ, ಪೆಟ್ರೋಲು ತೆಗೆದುಕೊಂಡರೆ ತಪ್ಪೇನೂ ಇಲ್ಲ, ಹಗಲೆಲ್ಲ ಬಿಸಿಲಲ್ಲಿ ತಿರುಗುವವರು ಹಸಿದಿರಬೇಕಾಗಿಲ್ಲ. ಬೀದರ್‌ನ ಬಿಸಿಲು ನಿನಗೆ ಹೇಳಿಕೊಡಬೇಕೇ.

ಈಗ ಸದ್ಯಕ್ಕೆ ಮಾಡಬೇಕಾದದ್ದು. 2024ರ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ನಡೆದ ಸಂಪುಟ ಸಭೆ ಬೀದರ್ ಮತ್ತು ರಾಯಚೂರು ನಗರಸಭೆಗಳನ್ನು ಮಹಾನಗರ ಪಾಲಿಕೆ ಮಾಡಲು ಒಪ್ಪಿತು. ಪಾಲಿಕೆ ಅಂದರೆ ಸುತ್ತಲಿನ ಹಳ್ಳಿ ಸೇರುವುದು, ವಾರ್ಡಿನ ಗಡಿ ಹೊಸದಾಗಿ ಎಳೆಯುವುದು, ಪಟ್ಟಿ ಬದಲಾಗುವುದು. ನಿನ್ನೆಯವರೆಗೆ ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆ ಇಲ್ಲದೆ ಓಟು ಹಾಕಿದವರು ಪಾಲಿಕೆಯಲ್ಲಿ ಚಿಹ್ನೆ ನೋಡಿ ಹಾಕಬೇಕು. ತೆರಿಗೆ ಏರುತ್ತದೆಯೇ, ಹೊಲ ಇದ್ದವರ ಗತಿ ಏನು, ಉದ್ಯೋಗ ಖಾತ್ರಿ ಕೂಲಿ ಏನಾಗುತ್ತದೆ ಎಂದು ಅವರು ಕೇಳುತ್ತಾರೆ. ಭಾಷಣ ಮಾಡಬೇಡ, ಓದಿಕೊಂಡು ಹೋಗು.

ಗಡಿಯ ಕರಡು, ಮತದಾರರ ಕರಡು ಪಟ್ಟಿ ಹೊರಬಿದ್ದಾಗ ಆಕ್ಷೇಪಣೆಗೆ ಸಿಗುವ ದಿನಗಳು ಬಹಳ ಕಡಿಮೆ. ಆ ಹೊತ್ತಿಗೆ ಪಕ್ಷದವರೆಲ್ಲ ಟಿಕೆಟ್ ಓಡಾಟದಲ್ಲಿರುತ್ತಾರೆ. ನೀನು ನಿನ್ನ ಗೆಳೆಯರನ್ನು ಕರೆದುಕೊಂಡು ನಾಲ್ಕು ಓಣಿ ಹಂಚಿಕೋ. ಹೈದರಾಬಾದ್, ಪುಣೆಗೆ ದುಡಿಯಲು ಹೋದವರ ಹೆಸರು ಅಳಿಸಿದ್ದಾರೋ, ಹೊಸದಾಗಿ 18 ತುಂಬಿದವರ ಹೆಸರು ಬಂದಿದೆಯೋ, ಸೊಸೆಯಾಗಿ ಬಂದ ಹೆಣ್ಣುಮಗಳ ಹೆಸರು ತವರಿನಲ್ಲೇ ಉಳಿದಿದೆಯೋ, ಒಂದೇ ಮನೆಯ ನಾಲ್ವರು ಎರಡು ವಾರ್ಡಿಗೆ ಹರಿದುಹೋಗಿದ್ದಾರೋ, ಮನೆ ಬಾಗಿಲಲ್ಲಿ ನಿಂತು ಹೊಂದಿಸಿ ನೋಡು. ತಪ್ಪಿದ್ದರೆ ಅವತ್ತೇ ಫಾರಂ ತುಂಬಿಸಿ, ಸಹಿ ಹಾಕಿಸಿ, ಕೊಟ್ಟಿದ್ದಕ್ಕೆ ಸ್ವೀಕೃತಿ ಪಡೆ. ಎದುರು ಪಕ್ಷದವರ ಮನೆಯ ಹೆಸರು ಬಿಟ್ಟುಹೋಗಿದ್ದರೆ ಅದನ್ನೂ ತುಂಬಿಸು. ಫಾರಂ ಬರೆಯುವಾಗ ಸಂದೇಹ ಬಂದರೆ ರಾತ್ರಿ ಒಂಬತ್ತರ ಒಳಗೆ ಫೋನ್ ಮಾಡು, ಆಮೇಲೆ ನಿನ್ನ ಕಾಕು ಎತ್ತಗೊಡುವುದಿಲ್ಲ.

ಇತಿ ನಿನ್ನ ಕಾಕಾ
ಭಾಲ್ಕಿ